ನಾಲ್ಕು ಕೆಜಿ ತೆಗೆದರೆ ತೊಂಬತ್ತು ಕೆಜಿ ಇಳಿಯುವ ಲೆಕ್ಕ

ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್‌ಪಾರ್ಟ್ಸ್ ಅಂಗಡಿಗಳಲ್ಲಿ, ಪೀಣ್ಯದ ಲೇತ್ ಶೆಡ್‌ಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: 'ಲೈಟ್ ಫ್ಲೈವೀಲ್ ಹಾಕಿಸಿ, ಹಾರ್ಸ್‌ಪವರ್ ಜಾಸ್ತಿ ಆಗುತ್ತೆ.' ಆಗುವುದಿಲ್ಲ. ಪವರ್ ಹುಟ್ಟುವುದು ಸಿಲಿಂಡರಿನೊಳಗೆ ಪೆಟ್ರೋಲ್ ಉರಿದಾಗ. ಫ್ಲೈವೀಲ್ ಎಂದರೆ ಎಂಜಿನ್ ತಿರುಗಿಸುವ ದಂಡದ, ಅಂದರೆ ಕ್ರ್ಯಾಂಕ್‌ಶಾಫ್ಟಿನ, ತುದಿಯಲ್ಲಿರುವ ಭಾರದ ತಟ್ಟೆ. ಅದನ್ನು ಎಷ್ಟು ಕೊರೆದರೂ ಒಳಗಿನ ಬೆಂಕಿಗೆ ಏನೂ ಗೊತ್ತಾಗುವುದಿಲ್ಲ, ಅಲ್ವಾ?

'ಪವರ್ ಅಳೆಯುವ ಯಂತ್ರ, ಡೈನೋದಲ್ಲೇ ಜಾಸ್ತಿ ತೋರಿಸಿತು' ಎನ್ನುವವರಿದ್ದಾರೆ. ತೋರಿಸುತ್ತದೆ, ನಿಜ. ಭಾರದ ರೋಲರನ್ನು ಎಂಜಿನ್ ಎಷ್ಟು ಬೇಗ ವೇಗಕ್ಕೆ ತರುತ್ತದೆ ಎಂದು ನೋಡಿ ಪವರ್ ಲೆಕ್ಕ ಹಾಕುವ ಡೈನೋ ಅದು. ಫ್ಲೈವೀಲ್ ಹಗುರವಾದರೆ ರೋಲರ್ ಬೇಗ ತಿರುಗುತ್ತದೆ, ಅಂಕಿ ಏರುತ್ತದೆ. ಆರ್‌ಪಿಎಂ ಅನ್ನು ಒಂದೇ ಕಡೆ ಹಿಡಿದು ಅಳೆಯುವ ಡೈನೋದಲ್ಲಿ ಈ ವ್ಯತ್ಯಾಸ ಮಾಯ.

ಹಾಗಾದರೆ ಕಾರು ಚುರುಕಾಗುವುದು ಸುಳ್ಳಾ? ಖಂಡಿತ ಅಲ್ಲ. ಅಲ್ಲೇ ಇರುವುದು ಮಜಾ.

ಕುಂಬಾರರ ಹಳೆಯ ತಿಗರಿಯನ್ನು ನೆನಪಿಸಿಕೊಳ್ಳಿ. ನಮ್ಮ ಪಾಟರಿ ಟೌನ್‌ಗೆ ಆ ಹೆಸರು ಬಂದಿದ್ದೇ ಅದನ್ನು ತಿರುವಿದವರಿಂದ. ಕೋಲಿನಿಂದ ಒಮ್ಮೆ ಜೋರಾಗಿ ತಿರುವಿ ಬಿಟ್ಟರೆ ಸಾಕು, ಮಡಕೆ ಏಳುವ ತನಕ ತಿರುಗುತ್ತಲೇ ಇರುತ್ತದೆ. ಅಂಚಿನ ಭಾರದಲ್ಲಿ ಶಕ್ತಿ ಕೂಡಿಟ್ಟುಕೊಂಡಿರುತ್ತದೆ. ಇಂಗ್ಲೆಂಡಿನಲ್ಲಿ 1780ರ ದಶಕದಲ್ಲಿ ಜೇಮ್ಸ್ ವ್ಯಾಟ್ ತನ್ನ ಉಗಿ ಎಂಜಿನ್ನಿನಿಂದ ಚಕ್ರ ತಿರುಗಿಸಲು ಹೊರಟಾಗ ಇದೇ ಉಪಾಯ ಬೇಕಾಯಿತು. ಪಿಸ್ಟನ್ ತಳ್ಳಿ ತಳ್ಳಿ ನಿಲ್ಲುತ್ತದೆ, ಚಕ್ರ ಮಾತ್ರ ಒಂದೇ ಸಮನೆ ತಿರುಗಬೇಕು. ಪಿಸ್ಟನ್ನಿನ ತಳ್ಳನ್ನು ಸುತ್ತಾಗಿಸುವ ಕ್ರ್ಯಾಂಕಿನ ಪೇಟೆಂಟ್ 1780ರಲ್ಲೇ ಜೇಮ್ಸ್ ಪಿಕಾರ್ಡ್ ಕೈಸೇರಿದ್ದರಿಂದ, ವ್ಯಾಟ್ ಸೂರ್ಯನ ಸುತ್ತ ಗ್ರಹ ಸುತ್ತುವಂಥ ಹಲ್ಲುಚಕ್ರಗಳ ಜೋಡಿಯನ್ನು ಬಳಸಬೇಕಾಯಿತು. ಫ್ಲೈವೀಲನ್ನು ಮಾತ್ರ ಇಬ್ಬರೂ ಬಿಡುವಂತಿರಲಿಲ್ಲ.

ಇವತ್ತಿನ ನಾಲ್ಕು ಸಿಲಿಂಡರ್ ಎಂಜಿನ್ನಿಗೂ ಅರ್ಧ ಸುತ್ತಿಗೊಮ್ಮೆ ಮಾತ್ರ ತಳ್ಳು ಸಿಗುತ್ತದೆ. ನಡುವಿನ ಖಾಲಿಯನ್ನು ಫ್ಲೈವೀಲ್ ತುಂಬುತ್ತದೆ. ಆದರೆ ಆರ್‌ಪಿಎಂ ಏರುವಾಗಲೆಲ್ಲ ಮೊದಲು ಅದನ್ನೇ ವೇಗಕ್ಕೆ ತರಬೇಕು. ಅಷ್ಟು ಪವರ್ ಚಕ್ರಗಳಿಗೆ ಹೋಗುವುದೇ ಇಲ್ಲ.

ಎಷ್ಟು ಪವರ್? ಲೆಕ್ಕ ಹಾಕೋಣ. 28 ಸೆಂ.ಮೀ. ಅಗಲದ, 8 ಕೆಜಿ ತೂಕದ, ಎಲ್ಲೆಡೆ ಒಂದೇ ದಪ್ಪದ ಫ್ಲೈವೀಲ್ ತೆಗೆದು, ಅಷ್ಟೇ ಅಗಲದ 4 ಕೆಜಿಯದ್ದು ಹಾಕಿದೆವು ಎನ್ನಿ. ಫಸ್ಟ್ ಗೇರಿನಲ್ಲಿ ಚಕ್ರ ಒಂದು ಸುತ್ತು ಸುತ್ತಿದರೆ ಎಂಜಿನ್ 14 ಸುತ್ತುತ್ತದೆ ಎಂದುಕೊಳ್ಳಿ. ಅಂದರೆ ಫ್ಲೈವೀಲ್ ಚಕ್ರಕ್ಕಿಂತ 14 ಪಟ್ಟು ಚುರುಕಾಗಿ ವೇಗ ಹೆಚ್ಚಿಸಿಕೊಳ್ಳಬೇಕು. ಹಾಗೆ ಅದು ನುಂಗಿದ ಟಾರ್ಕ್ (ತಿರುಗಿಸುವ ಬಲ), ಗೇರ್‌ಬಾಕ್ಸ್ ದಾಟಿದ್ದರೆ ಮತ್ತೆ 14 ಪಟ್ಟಾಗಿ ಚಕ್ರಕ್ಕೆ ಸಿಗುತ್ತಿತ್ತು. ಎರಡು ಸಲ ಹದಿನಾಲ್ಕು, ಒಟ್ಟು 196 ಪಟ್ಟು! 29 ಸೆಂ.ಮೀ. ತ್ರಿಜ್ಯದ ಟೈರಿಟ್ಟು ನೋಡಿದರೆ, ಫಸ್ಟ್ ಗೇರಿನಲ್ಲಿ ಕಾರಿನ ತೂಕ ಸುಮಾರು 90 ಕೆಜಿ ಇಳಿದಷ್ಟು ಲಾಭ. ಪಕ್ಕದ ಸೀಟಿನವರು ಇಳಿದು ಹೋದ ಹಾಗೆ. ಅನುಪಾತ 8 ಇರುವ ಸೆಕೆಂಡ್ ಗೇರಿನಲ್ಲಿ ಇದು 30 ಕೆಜಿ. ಅನುಪಾತ 3.2 ಇರುವ ಟಾಪ್ ಗೇರಿನಲ್ಲಿ ಬರೀ 5 ಕೆಜಿ.

ಬೆಂಗಳೂರಿನ ರೇಸರ್‌ಗಳು ಹೋಗುವ ಕೊಯಮತ್ತೂರಿನ ಕರಿ ಸ್ಪೀಡ್‌ವೇ ಸುಮಾರು 2.1 ಕಿ.ಮೀ. ಉದ್ದದ್ದು. ಅಂಥ ಚಿಕ್ಕ ಟ್ರ್ಯಾಕಿನಲ್ಲಿ ತಿರುವಿನಿಂದ ತಿರುವಿಗೆ ಎಂಜಿನ್ ಏರಿಳಿಯುತ್ತಲೇ ಇರುವುದರಿಂದ ಈ ಕೆಲಸ ಫಲ ಕೊಡುತ್ತದೆ. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವವರಿಗೆ ಸುಮ್ನೆ ದುಡ್ಡು ದಂಡ.

ತೂಕಕ್ಕಿಂತ ತೂಕ ಎಲ್ಲಿದೆ ಎನ್ನುವುದು ಮುಖ್ಯ. ಒಂದೇ ದಪ್ಪದ ತಟ್ಟೆಯ ತ್ರಿಜ್ಯ ಅರ್ಧ ಮಾಡಿದರೆ ಅದರ ಜಡತ್ವ, ಅಂದರೆ ವೇಗ ಬದಲಿಸಲು ಅದು ತೋರುವ ಮೊಂಡುತನ, ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಫ್ಲೈವೀಲಿಗೆ ಒತ್ತಿಕೊಂಡು ಪವರನ್ನು ಗೇರ್‌ಬಾಕ್ಸಿಗೆ ದಾಟಿಸುವ ಕ್ಲಚ್ ಪ್ಲೇಟನ್ನೂ ಹಾಗೆ ಚಿಕ್ಕದು ಮಾಡಿ ಅಷ್ಟೇ ಬಲದಿಂದ ಒತ್ತಿದರೆ, ಅದು ಹಿಡಿಯುವ ಟಾರ್ಕ್ ಮಾತ್ರ ಅರ್ಧಕ್ಕೆ ಇಳಿಯುತ್ತದೆ, ಅಷ್ಟೇ. ಒಂದು ಪ್ಲೇಟಿನ ಬದಲು ಎರಡು ಹಾಕಿದರೆ ಹಿಡಿತ ವಾಪಸ್ ಬಂತು, ಜಡತ್ವ ಇನ್ನೂ ಎಂಟರಲ್ಲಿ ಒಂದೇ ಪಾಲು! ರೇಸ್ ಕ್ಲಚ್‌ಗಳು 184 ಮಿ.ಮೀ., 140 ಮಿ.ಮೀ. ಎಂದು ಪುಟ್ಟದಾಗಿ, ಹಲವು ಪ್ಲೇಟ್‌ಗಳೊಂದಿಗೆ ಬರುವುದು ಇದಕ್ಕೇ.

ಕ್ಲಚ್ ಪ್ಲೇಟಿನ ತೂಕವನ್ನು ಫ್ಲೈವೀಲಿನ ಲೆಕ್ಕಕ್ಕೆ ಸೇರಿಸಿ ಬಿಡುವವರೇ ಜಾಸ್ತಿ. ಅದು ತಪ್ಪು. ಕ್ಲಚ್ ಪೆಡಲ್ ಒತ್ತಿದ ಕ್ಷಣ ಫ್ಲೈವೀಲ್ ಎಂಜಿನ್ನಿನ ಜೊತೆ ಉಳಿಯುತ್ತದೆ, ಪ್ಲೇಟ್ ಗೇರ್‌ಬಾಕ್ಸಿನ ಜೊತೆ. ಗೇರ್ ಬದಲಿಸುವಾಗ, ಗೇರ್‌ಗಳ ವೇಗ ಹೊಂದಿಸುವ ಸಿಂಕ್ರೋ ಉಂಗುರಗಳು ಹಿಡಿದು ವೇಗ ಬದಲಿಸಬೇಕಾದದ್ದು ಆ ಪ್ಲೇಟಿನದ್ದು. ಪ್ಲೇಟ್ ಹಗುರವಾದರೆ ಗೇರ್ ಬೇಗ ಬೀಳುತ್ತದೆ, ಸಿಂಕ್ರೋ ಬಾಳಿಕೆ ಬರುತ್ತದೆ.

ನನಗೆ ನಿಜವಾಗಿ ಭಯ ಇರುವುದು ಬೇರೆ ವಿಷಯಕ್ಕೆ. ಕಂಪನಿಯ ಎರಕದ ಕಬ್ಬಿಣದ ಫ್ಲೈವೀಲನ್ನೇ ಲೇತಿಗೆ ಹಾಕಿ ತೆಳ್ಳಗೆ ಕೆರೆಸುವವರಿದ್ದಾರೆ. 7000 ಆರ್‌ಪಿಎಂನಲ್ಲಿ 28 ಸೆಂ.ಮೀ. ತಟ್ಟೆಯ ಅಂಚು ಗಂಟೆಗೆ ಸುಮಾರು 370 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಎರಕದ ಕಬ್ಬಿಣ ಒತ್ತಿದರೆ ತಡೆಯುತ್ತದೆ, ಎಳೆದರೆ ಸೀಳುತ್ತದೆ. ಸೀಳಿದ ಚೂರು ಫ್ಲೈವೀಲನ್ನು ಮುಚ್ಚಿರುವ ಬೆಲ್ ಹೌಸಿಂಗ್ ಒಡೆದುಕೊಂಡು ಬಂದರೆ ಎದುರಿಗೆ ಸಿಗುವುದು ಚಾಲಕನ ಕಾಲು. ಇಎನ್24 ಥರದ ಗಟ್ಟಿ ಉಕ್ಕಿನ ದಿಮ್ಮಿಯಿಂದ ಹೊಸದಾಗಿ ಕಡೆಸಿ. ಅಲ್ಯೂಮಿನಿಯಂ ಆದರೆ ಕ್ಲಚ್ ಉಜ್ಜುವ ಜಾಗಕ್ಕೆ ಉಕ್ಕಿನ ತಟ್ಟೆ ಇರಲೇಬೇಕು. ಕ್ಲಚ್ ಕವರ್ ಸಮೇತ ಬ್ಯಾಲೆನ್ಸ್ ಮಾಡಿಸಿ. ಬೋಲ್ಟ್‌ಗಳು ಹೊಸವೇ ಇರಲಿ, ಎದುರುಬದುರಾಗಿ ಟಾರ್ಕ್ ರೆಂಚಿನಿಂದಲೇ ಬಿಗಿಯಿರಿ.

ಆಮೇಲೆ ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ಎಂಜಿನ್ ವೇಗ) ಸ್ವಲ್ಪ ಏರಿಸಬೇಕಾಗುತ್ತದೆ. ಕೂಡಿಟ್ಟ ಶಕ್ತಿ ಕಡಿಮೆಯಾದ್ದರಿಂದ ಕ್ಲಚ್ ಬಿಡುವಾಗ ಎಂಜಿನ್ ಬೇಗ ಆಫ್ ಆಗುತ್ತದೆ. ಸೆರಾಮಿಕ್ ಪ್ಲೇಟ್ ಹಾಕಿದ್ದರಂತೂ ಅದು ಹಿಡಿದರೆ ಹಿಡಿಯಿತು, ಬಿಟ್ಟರೆ ಬಿಟ್ಟಿತು, ನಡುವಿನ ಮಾತೇ ಇಲ್ಲ. ರೇಸ್ ಕಾರನ್ನು ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿಸಿಕೊಂಡು ಟ್ರ್ಯಾಕಿಗೆ ಓಡಿಸಿಕೊಂಡೇ ಹೋಗುವ ಯೋಚನೆ ಇದ್ದರೆ ಬಿಡಿ, ಟ್ರೇಲರ್ ಮೇಲೆ ಹಾಕಿಕೊಂಡು ಹೋಗಿ.