ಚದರಕ್ಕೆ ಎಷ್ಟಾಗುತ್ತೆ ಸಾರ್?

ಮನೆ ಕಟ್ಟಿಸೋಕೆ ಚದರಕ್ಕೆ, ಅಂದರೆ ನೂರು ಚದರಡಿಗೆ, ಎಷ್ಟು ಅನ್ನೋ ಪ್ರಶ್ನೆ ಈ ವಾರ ಇದು ಮೂರನೇ ಸಲ. ಈ ಸಲ ಕೇಳಿದವರು ಚಿಕ್ಕಮಗಳೂರಿನವರು. "ಹಾಸನದಲ್ಲಿ ನಮ್ಮ ಭಾವ ಹದಿನೆಂಟು ಚದರದ ಮನೆ ಕಟ್ಟಿಸಿದ್ದಾರೆ. ನಮ್ಮದು ಎಂಟೇ ಚದರ. ಅದೇ ರೇಟಿಗೆ ಆಗುತ್ತಲ್ವಾ?" ಕೊನೆಯ ಸಾಲಲ್ಲಿ, ಸೈಟು ಸ್ವಲ್ಪ ಇಳಿಜಾರು ಅಂತಲೂ ಬರೆದಿದ್ದಾರೆ. ಪುಣ್ಯಾತ್ಮರೇ, ಅದನ್ನೇ ಅಲ್ವಾ ಮೊದಲು ಬರೆಯಬೇಕಿದ್ದಿದ್ದು!

ಆ ರೇಟಿಗೆ ಆಗಲ್ಲ. ಚದರದ ರೇಟು ಅಂದರೆ ಅಕ್ಕಿ ರೇಟಿನ ಹಾಗೆ, ಎಷ್ಟು ತಗೊಂಡರೂ ಅದೇ ಅನ್ನೋ ನಂಬಿಕೆ ನಮ್ಮ ಜನರಲ್ಲಿ ಗಟ್ಟಿಯಾಗಿ ಕೂತಿದೆ. ಅದು ಮನೆ ಮುಗಿದ ಮೇಲೆ ಒಟ್ಟು ಖರ್ಚನ್ನು ಭಾಗಿಸಿದಾಗ ಬರೋ ಲೆಕ್ಕ, ಅಷ್ಟೇ. ಎಂಟು ಚದರಕ್ಕೂ ಒಂದು ಅಡುಗೆಮನೆ ಬೇಕು, ಹದಿನೆಂಟಕ್ಕೂ ಒಂದೇ ಸಾಕು. ಸಂಪು, ಸೆಪ್ಟಿಕ್ ಟ್ಯಾಂಕು, ಮೆಟ್ಟಿಲು, ಕರೆಂಟಿನ ಮೀಟರು ಎಲ್ಲಾ ಹಾಗೇ. ಭಾವನವರು ಅದನ್ನೆಲ್ಲ ಹದಿನೆಂಟಕ್ಕೆ ಹಂಚಿದರು, ನೀವು ಎಂಟಕ್ಕೆ ಹಂಚಬೇಕು.

ಅಳತೆ ಒಂದೇ ಇದ್ದರೂ ಖರ್ಚು ಒಂದೇ ಅಲ್ಲ. ಪೇಪರು ತಗೊಳ್ಳಿ. 30 ಅಡಿಗೆ 40 ಅಡಿ ಕಟ್ಟಡ, 1200 ಚದರಡಿ, ಅಂದರೆ ಹನ್ನೆರಡು ಚದರ. 20ಕ್ಕೆ 60 ಹಾಕಿದರೂ ಹನ್ನೆರಡೇ. ಸುತ್ತಳತೆ ಕೂಡಿಸಿ: ಮೊದಲನೆಯದು 140 ಅಡಿ, ಎರಡನೆಯದು 160. ಹತ್ತಡಿ ಎತ್ತರಕ್ಕೆ 200 ಚದರಡಿ ಗೋಡೆ ಜಾಸ್ತಿ. ಒಳಗೆ ಹೊರಗೆ ಸೇರಿ 400 ಚದರಡಿ ಪ್ಲಾಸ್ಟರಿಂಗು, ಅಷ್ಟೇ ಪೇಂಟು, ಕೆಳಗೆ ಇಪ್ಪತ್ತಡಿ ಪಾಯ. ವಾಸದ ಜಾಗ ಒಂದು ಇಂಚೂ ಹೆಚ್ಚಿಲ್ಲ!

ಇನ್ನು ಇಳಿಜಾರು. ತಡೆಗೋಡೆ, ತುಂಬಿಸೋ ಮಣ್ಣು, ಒಂದು ಕಡೆ ಆಳೆತ್ತರಕ್ಕೆ ಏರೋ ಪಾಯ, ಇದ್ಯಾವುದೂ ಚದರದಲ್ಲಿ ಅಳತೆಗೆ ಸಿಗಲ್ಲ. ಮೊನ್ನೆ ಒಬ್ಬರು ಲಗ್ನಪತ್ರಿಕೆಯ ಹಿಂದೆ ಬರೆದ ಕೊಟೇಶನ್ ತಂದು ತೋರಿಸಿದರು. ಚದರದ ರೇಟು ದಪ್ಪ ಅಕ್ಷರದಲ್ಲಿ, ಕೆಳಗೆ ಮೂಲೆಯಲ್ಲಿ ಇರುವೆ ಸಾಲಿನ ಹಾಗೆ "ಸಂಪು, ಕಾಂಪೌಂಡು, ಗ್ರಿಲ್ಲು ಬೇರೆ". ಆ "ಬೇರೆ"ಯಲ್ಲೇ ಸಾಲ ಇರೋದು. ಕಡಿಮೆ ರೇಟು ಹೇಳಿದವನು ಅಗ್ಗಕ್ಕೆ ಮಾಡ್ತಾನೆ ಅಂತಲ್ಲ, ಒಂದೊಂದ್ಸಲ ಲೆಕ್ಕಕ್ಕೆ ಹಿಡಿಯೋದನ್ನೇ ಮರೆತಿರ್ತಾನೆ.

ಯಾರೂ ಕೇಳಲಿಲ್ಲ, ಆದರೂ ಹೇಳ್ತೀನಿ. ಇಂಜಿನಿಯರುಗಳ ದಂಡೇ ಇರೋ ಸರ್ಕಾರಿ ಕೆಲಸಗಳೂ ಯಾಕೆ ಹೀಗೇ ಉಬ್ಬುತ್ತವೆ? ಸಕಲೇಶಪುರದ ಎತ್ತಿನಹೊಳೆ ಯೋಜನೆ 2012ರಲ್ಲಿ 8,323 ಕೋಟಿ ಇತ್ತು, ಆಮೇಲೆ 12,912 ಆಯ್ತು, ಈಗ 23 ಸಾವಿರ ಕೋಟಿ ದಾಟಿದೆ. ನಮ್ಮಲ್ಲಿ ಮಾತ್ರ ಅಂದ್ಕೋಬೇಡಿ. ಡೆನ್ಮಾರ್ಕಿನ ಸಂಶೋಧಕ ಬೆಂಟ್ ಫ್ಲ್ಯೂಬ್ಯರ್ಗ್ ಮತ್ತು ಜೊತೆಗಾರರು 20 ದೇಶಗಳ 258 ರಸ್ತೆ, ರೈಲು, ಸೇತುವೆ ಕೆಲಸಗಳ ಲೆಕ್ಕ ತೆಗೆದು 2002ರಲ್ಲಿ ಪ್ರಕಟಿಸಿದರು. ಹತ್ತರಲ್ಲಿ ಒಂಬತ್ತು ಅಂದಾಜು ಮೀರಿದ್ದವು. ರೈಲಿನದ್ದು ಸರಾಸರಿ ಶೇ. 45, ರಸ್ತೆಯದ್ದು ಶೇ. 20 ಜಾಸ್ತಿ. ಸಾಮಾನಿನ ಬೆಲೆ ಏರಿತು ಅನ್ನೋ ನೆಪವೂ ನಡೆಯಲ್ಲ, ಬೆಲೆಯೇರಿಕೆ ಕಳೆದೇ ಲೆಕ್ಕ ಹಾಕಿದ್ದರು. ಮಂಜೂರಾಗಲಿ ಅಂತ ಮೊದಲೇ ಕಡಿಮೆ ತೋರಿಸ್ತಾರೆ ಅನ್ನೋದು ಅವರ ವಾದ. ಲಗ್ನಪತ್ರಿಕೆ ಕೊಟೇಶನ್ನೂ ಅದೇ ಜಾತಿ.

ಚಿಕ್ಕಮಗಳೂರಿನವರೇ, ರೇಟು ಆಮೇಲೆ ಕೇಳಿ. ಮೇಸ್ತ್ರಿ ಹತ್ರ ನೀರು ತುಂಬಿದ ಲೆವೆಲ್ ಪೈಪು ಇರುತ್ತೆ. ರಸ್ತೆಯಿಂದ ಹಿಂದಿನ ಬೇಲಿಗೆ ಎಷ್ಟಡಿ ಇಳಿಜಾರು ಅಂತ ಅಳೆಸಿ ಕಳಿಸಿ.