ಪಿಎಚ್‌ಪಿಯ ಮರೆವೇ ರೆಸ್ಟ್‌ನ ಬಲ

ರೆಸ್ಟ್ ವೆಬ್ ಸರ್ವಿಸ್ (ವೆಬ್ ಮೂಲಕ ಬೇರೆ ಪ್ರೋಗ್ರಾಂಗಳಿಗೆ ಡೇಟಾ ಕೊಡುವ ಸೇವೆ) ಅಂದ ಕೂಡಲೇ ಎಷ್ಟೋ ಜನ ದೊಡ್ಡ ಫ್ರೇಮ್‌ವರ್ಕ್ ಹುಡುಕಲು ಹೊರಡುತ್ತಾರೆ. ಶುರು ಮಾಡಲು ಸರ್ವರ್‌ನಲ್ಲಿ ಓಡುವ ಪಿಎಚ್‌ಪಿ ಭಾಷೆಯ ಒಂದು ಫೈಲ್ ಸಾಕು. ಬಂದ ರಿಕ್ವೆಸ್ಟ್ ಗೆಟ್ಟೋ (ಮಾಹಿತಿ ಕೇಳುವುದು) ಪೋಸ್ಟೋ (ಹೊಸದನ್ನು ಕಳಿಸುವುದು) ನೋಡಿ, ಡೇಟಾಬೇಸ್ ಮುಟ್ಟಿ, ಉತ್ತರವನ್ನು ಜೇಸನ್ ಎಂಬ ಸರಳ ಪಠ್ಯರೂಪಕ್ಕೆ ತಂದು ಕಳಿಸಿದರೆ ಆಯಿತು.

ನನಗೆ ನಿಜವಾಗಿ ಖುಷಿ ಕೊಡುವುದು ಪಿಎಚ್‌ಪಿಯ ಮರೆವು. ಸಾಮಾನ್ಯವಾಗಿ ಅದು ಒಂದು ರಿಕ್ವೆಸ್ಟ್‌ಗೆ ಉತ್ತರ ಕೊಟ್ಟ ಮೇಲೆ ತನ್ನ ವೇರಿಯೇಬಲ್‌ಗಳನ್ನೆಲ್ಲ ಅಳಿಸಿಬಿಡುತ್ತದೆ. ಮುಂದಿನದಕ್ಕೆ ಮತ್ತೆ ಮೊದಲ ಸಾಲಿನಿಂದ ಶುರು, ಒರೆಸಿದ ಸ್ಲೇಟಿನ ಹಾಗೆ. ಇದು ಹುಟ್ಟುಗುಣ. 1994ರಲ್ಲಿ ರಾಸ್ಮಸ್ ಲೆರ್ಡಾರ್ಫ್ ತಮ್ಮ ಆನ್‌ಲೈನ್ ರೆಸ್ಯೂಮೆಯನ್ನು ಯಾರು ನೋಡುತ್ತಿದ್ದಾರೆ ಎಂದು ತಿಳಿಯಲು ಸಿ ಭಾಷೆಯಲ್ಲಿ ಚಿಕ್ಕ ಸಿಜಿಐ ಪ್ರೋಗ್ರಾಂಗಳನ್ನು (ರಿಕ್ವೆಸ್ಟ್ ಬಂದಾಗ ವೆಬ್ ಸರ್ವರ್ ಓಡಿಸುವಂಥವು) ಬರೆದುಕೊಂಡರು. ಕರೆದಾಗ ಏಳುವುದು, ಕೆಲಸ ಮುಗಿಸಿ ಹೋಗುವುದು. ಪಿಎಚ್‌ಪಿ ಬೆಳೆದದ್ದು ಅಲ್ಲಿಂದಲೇ.

2000ದಲ್ಲಿ ರಾಯ್ ಫೀಲ್ಡಿಂಗ್ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ರೆಸ್ಟ್ ಅನ್ನು ವಿವರಿಸಿದಾಗ ಹಾಕಿದ ಒಂದು ಮುಖ್ಯ ಷರತ್ತೂ ಇದೇ: ಹಿಂದಿನ ಮಾತನ್ನು ಸರ್ವರ್ ನೆನಪಿಟ್ಟುಕೊಳ್ಳಬಾರದು, ಬೇಕಾದದ್ದೆಲ್ಲ ಪ್ರತಿ ರಿಕ್ವೆಸ್ಟ್‌ನಲ್ಲೇ ಇರಬೇಕು. ‘ಮೊನ್ನೆ ಕೇಳಿದ್ದನ್ನೇ ಕಳಿಸಿ’ ಎಂದು ಕಾಗದ ಬರೆದರೆ, ಮೊನ್ನೆ ಕೂತಿದ್ದವರೇ ಇವತ್ತೂ ಕೂತಿರಬೇಕು. ಎಲ್ಲವನ್ನೂ ಬರೆದರೆ ಯಾರು ಬೇಕಾದರೂ ಬಿಡಿಸಿ ಓದಬಹುದು. ಹತ್ತು ಸರ್ವರ್‌ಗಳಲ್ಲಿ ಯಾವುದು ಉತ್ತರಿಸಿದರೂ ನಡೆಯುತ್ತದೆ. ಅದಕ್ಕೇ ಲಾಗಿನ್ ಮಾಹಿತಿಯನ್ನು ಸೆಷನ್‌ನಲ್ಲಿ (ಸರ್ವರ್ ತನ್ನ ಬಳಿ ಇಟ್ಟುಕೊಳ್ಳುವ ನೆನಪಿನಲ್ಲಿ) ಬಚ್ಚಿಡಬೇಡಿ, ಕೇಳುತ್ತಿರುವವರು ಯಾರೆಂದು ತೋರಿಸುವ ಟೋಕನ್ ಪ್ರತಿ ಸಲವೂ ಬರಲಿ.

ಒಂದು ಕಡೆ ಮಾತ್ರ ಹೊಸಬರು ಸಿಕ್ಕಿಕೊಳ್ಳುತ್ತಾರೆ. ಜೇಸನ್ ಕಳಿಸಿರುತ್ತಾರೆ, ಬಂದ ಡೇಟಾವನ್ನು ಪಿಎಚ್‌ಪಿ ಇಡುವ ಪಟ್ಟಿಯಾದ ಪೋಸ್ಟ್ ಅರೇ ತೆರೆದು ನೋಡಿದರೆ ಖಾಲಿ. ಪಿಎಚ್‌ಪಿ ತಾನಾಗಿ ಬಿಡಿಸಿ ಆ ಅರೇಗೆ ತುಂಬುವುದು ಎಚ್‌ಟಿಎಂಎಲ್ ಫಾರ್ಮ್‌ಗಳಿಂದ ಬರುವ ರೂಪದ ಡೇಟಾವನ್ನು ಮಾತ್ರ. ಜೇಸನ್ ಬಂದರೆ ಪಿಎಚ್‌ಪಿ ಇನ್‌ಪುಟ್ ಸ್ಟ್ರೀಮ್‌ನಿಂದ ಕಚ್ಚಾ ಪಠ್ಯ ಓದಿ ನಾವೇ ಡಿಕೋಡ್ ಮಾಡಬೇಕು.

ಇನ್ನೊಂದು ಅಭ್ಯಾಸ ನೋಡಿದರೆ ಬೇಜಾರಾಗುತ್ತದೆ. ಉತ್ತರದ ಒಳಗೆ ‘ತಪ್ಪಾಗಿದೆ’ ಎಂದು ಬರೆದು ಹೊರಗೆ 200 ಎಂಬ ಸ್ಟೇಟಸ್ ಸಂಖ್ಯೆ ಕಳಿಸುವುದು! 200 ಅಂದರೆ ಎಲ್ಲ ಸರಿ ಇದೆ ಎಂದು, ಅಲ್ವಾ? ಇಲ್ಲದ್ದಕ್ಕೆ 404, ಹೊಸದು ಸೇರಿದರೆ 201. ಒಂದು ಸಾಲಿನ ಕೆಲಸ.

ಇಷ್ಟೆಲ್ಲ ಮರೆಯುವ ಸರ್ವರ್‌ಗೆ ನೆಟ್‌ವರ್ಕ್ ಕಡಿದು ಅದೇ ರಿಕ್ವೆಸ್ಟ್ ಎರಡು ಸಲ ಬಂದರೆ? ಪೋಸ್ಟ್ ಆದರೆ ಡೇಟಾಬೇಸ್‌ನಲ್ಲಿ ಎರಡು ಸಾಲು ಕೂತುಬಿಡಬಹುದು. ಅದರ ಬದಲು, ಪಟ್ಟಿಯ 7ನೇ ಪುಸ್ತಕದ ಹೆಸರನ್ನು ಪುಟ್‌ನಿಂದ (ಹೇಳಿದ ಜಾಗದಲ್ಲೇ ಬರೆಯುವ ರಿಕ್ವೆಸ್ಟ್) ಬದಲಿಸಿದ್ದರೆ, ಹತ್ತು ಸಲ ಬಂದರೂ ಅದೇ ಒಂದು ಪುಸ್ತಕ, ಅದೇ ಹೆಸರು.