ಸಾಗರದ ಗಂಟು ಕರಗಿಸಲು ಗಣಿಯ ಕಸ

ಸಾಗರತಳದಿಂದ ಎತ್ತಿದ ಬಹುಲೋಹದ ಗಂಟನ್ನು, ಅಂದರೆ ಹಲವು ಲೋಹಗಳು ಸೇರಿದ ಕಲ್ಲಿನಂಥ ಉಂಡೆಯನ್ನು, ಪುಡಿ ಮಾಡಿ ಬಿಸಿ ಮಾಡದ ಸಲ್ಫ್ಯೂರಿಕ್ ಆಮ್ಲದಲ್ಲಿ ನೆನೆಹಾಕಿದರೆ, ಅದರ ಮ್ಯಾಂಗನೀಸ್ ಬಹುಪಾಲು ಕರಗದೆ ಹಾಗೆಯೇ ಉಳಿಯುತ್ತದೆ. ಆಮ್ಲವನ್ನು ಇನ್ನಷ್ಟು ಸುರಿದರೂ ಹೆಚ್ಚು ಪ್ರಯೋಜನವಾಗದು. ಗಂಟಿನಲ್ಲಿ ಮ್ಯಾಂಗನೀಸ್ ಇರುವುದು ಡೈಆಕ್ಸೈಡ್ ರೂಪದಲ್ಲಿ. ಅದರ ಪ್ರತಿ ಪರಮಾಣುವಿಗೆ ಎರಡು ಎಲೆಕ್ಟ್ರಾನುಗಳು ದೊರೆತಾಗ ಮಾತ್ರ ಅದು ದ್ರಾವಣಕ್ಕೆ ಇಳಿಯುತ್ತದೆ. ಬೆಲೆಬಾಳುವ ನಿಕ್ಕಲ್, ತಾಮ್ರ ಮತ್ತು ಕೋಬಾಲ್ಟ್‌ಗಳಿಗೆ ಇಲ್ಲಿ ಬೇರೆ ಖನಿಜಗಳಿಲ್ಲ. ಅವು ಮ್ಯಾಂಗನೀಸ್ ಹಾಗೂ ಕಬ್ಬಿಣದ ಆಕ್ಸೈಡುಗಳ ರಚನೆಯೊಳಗೇ ಸೇರಿಹೋಗಿರುವುದರಿಂದ, ಆ ರಚನೆ ಮುರಿಯದೆ ಅವು ಪೂರ್ತಿಯಾಗಿ ಕೈಗೆ ಸಿಗುವುದಿಲ್ಲ.

ಭಾರತಕ್ಕೆ ಇದು ದೂರದ ವಿಷಯವಲ್ಲ. 1981ರ ಜನವರಿ 26ರಂದು ಗವೇಷಣಿ ನೌಕೆ ಅರಬ್ಬೀ ಸಮುದ್ರದಿಂದ ನಮ್ಮ ಮೊದಲ ಗಂಟುಗಳನ್ನು ಮೇಲೆತ್ತಿತು. ಇಂದು ಮಧ್ಯ ಹಿಂದೂ ಮಹಾಸಾಗರದ 75,000 ಚದರ ಕಿಲೋಮೀಟರ್ ಪ್ರದೇಶದಲ್ಲಿ ಅನ್ವೇಷಣೆ ನಡೆಸುವ ಹಕ್ಕು ಭಾರತಕ್ಕಿದ್ದು, ಅಲ್ಲಿ ಸುಮಾರು 38 ಕೋಟಿ ಟನ್ ಗಂಟುಗಳಿವೆ ಎಂದು ಅಂದಾಜಿಸಲಾಗಿದೆ. ಆ ಅಂದಾಜಿನ ಪ್ರಕಾರ ಒಂದು ಟನ್ ಒಣ ಗಂಟಿನಲ್ಲಿ ಸುಮಾರು 240 ಕಿಲೋ ಮ್ಯಾಂಗನೀಸ್ ಇರುತ್ತದೆ. ನಿಕ್ಕಲ್, ತಾಮ್ರ, ಕೋಬಾಲ್ಟ್ ಮೂರೂ ಸೇರಿದರೆ 25 ಕಿಲೋ. ಭುವನೇಶ್ವರದ ಪ್ರಯೋಗಾಲಯವು ಅಮೋನಿಯಾ ಮತ್ತು ಸಲ್ಫರ್ ಡೈಆಕ್ಸೈಡ್ ಬಳಸುವ ವಿಧಾನವೊಂದನ್ನು ರೂಪಿಸಿತು, ಉದಯಪುರದಲ್ಲಿ ದಿನಕ್ಕೆ 500 ಕಿಲೋ ಸಾಮರ್ಥ್ಯದ ಪ್ರಾಯೋಗಿಕ ಘಟಕವೂ ಸ್ಥಾಪನೆಯಾಯಿತು. ಅಲ್ಲಿಯೂ ಎಲೆಕ್ಟ್ರಾನ್ ಒದಗಿಸುವ ಕೆಲಸ ಸಲ್ಫರ್ ಡೈಆಕ್ಸೈಡಿನದೇ.

ಚಿಲಿ ದೇಶದ ಆಂತೊಫಗಾಸ್ತದ ಸಂಶೋಧಕರು ಈ ಎಲೆಕ್ಟ್ರಾನುಗಳನ್ನು ತಮ್ಮ ಊರಿನ ಕಸದಲ್ಲೇ ಹುಡುಕಿದರು. ಜಗತ್ತಿನಲ್ಲೇ ಅತಿ ಹೆಚ್ಚು ತಾಮ್ರ ತೆಗೆಯುವ ಆ ದೇಶದಲ್ಲಿ ಅದಿರಿನ ತಾಮ್ರಾಂಶ ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ; ಉಳಿದದ್ದೆಲ್ಲ ಟೇಲಿಂಗ್ಸ್ ಎಂಬ ನುಣ್ಣನೆಯ ಕಸವಾಗಿ ಗುಡ್ಡೆ ಬೀಳುತ್ತದೆ. ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು ಕಂಡವರಿಗೆ ಇದರ ಪ್ರಮಾಣವನ್ನು ವಿವರಿಸಬೇಕಾಗಿಲ್ಲ. ತಾಮ್ರದ ಕುಲುಮೆಯಿಂದಲೂ ಟನ್ ಲೋಹಕ್ಕೆ ಎರಡು ಟನ್ನಿಗೂ ಹೆಚ್ಚು ಕಿಟ್ಟ ಹೊರಬೀಳುತ್ತದೆ. ಟೇಲಿಂಗ್ಸ್‌ನಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ರೂಪದಲ್ಲಿ, ಕಿಟ್ಟದಲ್ಲಿ ಮುಖ್ಯವಾಗಿ ಫಯಲೈಟ್ ಎಂಬ ಕಬ್ಬಿಣದ ಸಿಲಿಕೇಟಿನ ರೂಪದಲ್ಲಿ ಎರಡು ವೇಲೆನ್ಸಿಯ ಕಬ್ಬಿಣ ಇರುತ್ತದೆ. ಆಮ್ಲದಲ್ಲಿ ಕರಗಿದ ಅದರ ಪ್ರತಿ ಅಯಾನು ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು ತಾನು ಮೂರು ವೇಲೆನ್ಸಿಗೆ ಏರುತ್ತದೆ. ಕುಲುಮೆಯಿಲ್ಲದೆ, ಕಾಯಿಸುವ ಖರ್ಚಿಲ್ಲದೆ, ಕೆಲವೇ ನಿಮಿಷಗಳಲ್ಲಿ ಮ್ಯಾಂಗನೀಸಿನ ದೊಡ್ಡ ಪಾಲು ದ್ರಾವಣಕ್ಕೆ ಬರುತ್ತದೆ ಎಂಬುದು ಈ ಪ್ರಯೋಗಗಳ ಆಕರ್ಷಣೆ.

ಆದರೆ ಲೆಕ್ಕ ಹಾಕಿ ನೋಡಿದಾಗ ಉತ್ಸಾಹ ಸ್ವಲ್ಪ ತಗ್ಗುತ್ತದೆ. ಒಂದು ಟನ್ ಗಂಟಿನಲ್ಲಿರುವ 240 ಕಿಲೋ ಮ್ಯಾಂಗನೀಸ್ ಎಂದರೆ ಸುಮಾರು 380 ಕಿಲೋ ಡೈಆಕ್ಸೈಡ್. ಮ್ಯಾಗ್ನಟೈಟಿನ ಮೂರು ಕಬ್ಬಿಣದ ಪರಮಾಣುಗಳಲ್ಲಿ ಕೊಡುಗೈಯವನು ಒಬ್ಬನೇ. ಹಾಗಾಗಿ ಶುದ್ಧ ಮ್ಯಾಗ್ನಟೈಟೇ ಸುಮಾರು ಎರಡು ಟನ್ ಬೇಕು, ಟೇಲಿಂಗ್ಸ್‌ನಲ್ಲಾದರೋ ಅದು ಶುದ್ಧವಾಗಿ ಇರುವುದೂ ಇಲ್ಲ. ಅಂದರೆ 25 ಕಿಲೋ ಅಮೂಲ್ಯ ಲೋಹಕ್ಕಾಗಿ ಹೆಚ್ಚುಕಡಿಮೆ ಒಂದೂವರೆ ಟನ್ ಕಬ್ಬಿಣವನ್ನು ದ್ರಾವಣಕ್ಕೆ ಇಳಿಸಿದಂತಾಯಿತು. ಅದನ್ನು ಕರಗಿಸಲು ವ್ಯಯವಾಗುವ ಆಮ್ಲವೂ ಕಡಿಮೆಯಲ್ಲ. ಬಳಿಕ ಸುಣ್ಣ ಬೆರೆಸಿ ಕಬ್ಬಿಣವನ್ನು ಬೇರ್ಪಡಿಸಿದರೆ ಜಿಪ್ಸಮ್ ಕೂಡಿಕೊಂಡ ಕೆಸರು ರಾಶಿಯಾಗುತ್ತದೆ, ಒಂದು ಕಸವನ್ನು ಕರಗಿಸಿ ಮತ್ತೊಂದನ್ನು ಪಡೆದಂತಾಗುತ್ತದೆ. ಅಮೋನಿಯಾ ದಾರಿ ಹಿಡಿದವರಿಗೆ ಈ ತೊಡಕು ಕಡಿಮೆ, ಏಕೆಂದರೆ ಅಲ್ಲಿ ಕಬ್ಬಿಣ ಬಹುತೇಕ ಶೇಷದಲ್ಲಿಯೇ ಉಳಿಯುತ್ತದೆ.

ನನ್ನ ದೃಷ್ಟಿಯಲ್ಲಿ ಟೇಲಿಂಗ್ಸ್‌ಗಿಂತ ಕಿಟ್ಟಕ್ಕೇ ಹೆಚ್ಚು ಭವಿಷ್ಯವಿದೆ. ಫಯಲೈಟಿನ ಕಬ್ಬಿಣವೆಲ್ಲ ಎಲೆಕ್ಟ್ರಾನ್ ಕೊಡಬಲ್ಲದ್ದಾದ್ದರಿಂದ ಅದೇ ಒಂದು ಟನ್ ಗಂಟಿಗೆ ತಾತ್ವಿಕವಾಗಿ ಸುಮಾರು 900 ಕಿಲೋ ಫಯಲೈಟ್ ಸಾಕು. ಕಬ್ಬಿಣದ ಹೊರೆ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದಕ್ಕೂ ತನ್ನದೇ ಕಾಟವಿದೆ: ಫಯಲೈಟ್ ಕರಗುವಾಗ ಬಿಡುಗಡೆಯಾಗುವ ಸಿಲಿಕಾ ಲೋಳೆಗಟ್ಟಿ, ದ್ರಾವಣವನ್ನು ಸೋಸುವುದೇ ಕಷ್ಟವಾಗಬಹುದು. ಕಬ್ಬಿಣದ ಜೊತೆ ಗಂಧಕವೂ ಇರುವ ಪೈರೈಟ್ ಖನಿಜ ಎಲೆಕ್ಟ್ರಾನಿನಲ್ಲಿ ಇನ್ನೂ ಶ್ರೀಮಂತವಾದರೂ ಕಾಯಿಸದಿದ್ದರೆ ಅದರ ಕೆಲಸ ಬಹಳ ನಿಧಾನ.

ಗುಜರಾತಿನ ಕರಾವಳಿಯ ದಹೇಜ್‌ನಲ್ಲಿ ತಾಮ್ರದ ಕುಲುಮೆಯಿದೆ. ಹಡಗಿನಲ್ಲಿ ಬರುವ ಗಂಟುಗಳಿಗೆ ಅಂಥ ಕಡೆ ಕಿಟ್ಟ ಹತ್ತಿರದಲ್ಲೇ ಸಿಕ್ಕೀತು. ಆದರೆ ತಾಮ್ರದ ಕಿಟ್ಟವನ್ನು ಈಗಾಗಲೇ ಕಾಂಕ್ರೀಟಿಗೆ ಮರಳಿನ ಬದಲಾಗಿ, ಉಕ್ಕಿನ ತುಕ್ಕು ಉಜ್ಜುವ ಪುಡಿಯಾಗಿ ಬಳಸಲಾಗುತ್ತಿದೆ. ಹಾಗಾಗಿ ಗಂಟಿನ ಉದ್ಯಮವು ಅದನ್ನು ಪುಕ್ಕಟೆ ಕಸವೆಂದು ತನ್ನ ಲೆಕ್ಕಪತ್ರದಲ್ಲಿ ಬರೆದುಕೊಳ್ಳುವಂತಿಲ್ಲ.